ಕಡಲು ದಾಟಿದ ಅಂಚೆ

ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಸಾಗುವ ರೈಲುಮಾರ್ಗವು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಗುತ್ತದೆ. ಬೀರೂರಿನಲ್ಲಿ ಕವಲೊಡೆದ ಇನ್ನೊಂದು ಮಾರ್ಗವು ತರೀಕೆರೆಯ ಮೂಲಕ ಶಿವಮೊಗ್ಗವನ್ನು ಸೇರುತ್ತದೆ. ಬಹುಕಾಲ ಈ ಊರುಗಳಿಗೆ ಹೊರನಾಡಿನ ಸುದ್ದಿಯು ರೈಲಿನ ಅಂಚೆಚೀಲಗಳಲ್ಲಿಯೇ ಬರುತ್ತಿತ್ತು. ಓದಲು ಹೋದ ಮಗನ ಪತ್ರ, ದುಡಿಯಲು ಹೋದ ತಂದೆಯ ಮನಿಯಾರ್ಡರು, ಮದುವೆಯ ಕರೆಯೋಲೆ, ಸಾವಿನ ವಾರ್ತೆ ಎಲ್ಲವೂ ಆ ಚೀಲಗಳಲ್ಲಿರುತ್ತಿದ್ದವು. ಪತ್ರವನ್ನು ಬರೆದವರಿಗಾಗಲಿ ಓದಿದವರಿಗಾಗಲಿ ಅದನ್ನು ಹೊತ್ತು ತಂದವನ ಹೆಸರು ತಿಳಿಯುತ್ತಿರಲಿಲ್ಲ. ಹೀಗೆ ಹೆಸರನ್ನು ಬಯಸದ ಕೆಲಸವೊಂದನ್ನು ತಾರುಣ್ಯದಲ್ಲಿಯೇ ಆರಿಸಿಕೊಂಡು, ಅದಕ್ಕಾಗಿ ಮರುಭೂಮಿಯನ್ನೂ ಪರ್ವತವನ್ನೂ ಸಾಗರವನ್ನೂ ದಾಟಿದ ವೈಮಾನಿಕನೊಬ್ಬನಿದ್ದನು. ಅವನೇ ಫ್ರಾನ್ಸ್ ದೇಶದ ಝಾನ್ ಮೆರ್ಮೋಜ್.

ಮೆರ್ಮೋಜ್ 1901ರ ಡಿಸೆಂಬರ್ 9ರಂದು ಉತ್ತರ ಫ್ರಾನ್ಸಿನ ಓಬಾಂತೋಂ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಅವನು ಇನ್ನೂ ಎಳೆಯನಾಗಿದ್ದಾಗಲೇ ತಂದೆತಾಯಿಗಳು ಬೇರೆಯಾದರು. ಮಗನ ಪೋಷಣೆಯ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು. ಒಂದನೆಯ ಮಹಾಯುದ್ಧದ ಕಷ್ಟಗಳ ನಡುವೆ ಅವನ ವಿದ್ಯಾಭ್ಯಾಸ ನಡೆಯಿತು. 1920ರಲ್ಲಿ ಅವನು ಸೈನ್ಯವನ್ನು ಸೇರಿ ವಿಮಾನ ವಿಭಾಗವನ್ನು ಆರಿಸಿಕೊಂಡನು. ಆ ಕಾಲದ ವಿಮಾನಗಳು ಮರದ ಚೌಕಟ್ಟಿನ ಮೇಲೆ ಬಟ್ಟೆಯನ್ನು ಬಿಗಿದು ಮಾಡಿದ ದುರ್ಬಲ ಯಂತ್ರಗಳು. ತರಬೇತಿಯ ಕಾಲದಲ್ಲಿಯೇ ಪ್ರಾಣ ಕಳೆದುಕೊಂಡ ಯುವಕರು ಅನೇಕರು. ಮೆರ್ಮೋಜ್ 1921ರಲ್ಲಿ ವಿಮಾನ ಚಾಲಕನ ಪರವಾನಗಿಯನ್ನು ಪಡೆದನು. ಅನಂತರ ಸಿರಿಯಾದ ಮರುಭೂಮಿಯಲ್ಲಿ ಸೇವೆ ಸಲ್ಲಿಸಿ, 1924ರಲ್ಲಿ ಸೈನ್ಯದಿಂದ ಬಿಡುಗಡೆ ಹೊಂದಿದನು.

ಅವನಿಗೆ ಆಗ ಇಪ್ಪತ್ತೆರಡು ವರ್ಷ. ಹಾರಾಟವೊಂದನ್ನು ಬಿಟ್ಟು ಬೇರೆ ವಿದ್ಯೆ ಅವನಿಗೆ ತಿಳಿಯದು. ಆದರೆ ಯುದ್ಧ ಮುಗಿದಿದ್ದುದರಿಂದ ಕೆಲಸವಿಲ್ಲದ ವಿಮಾನ ಚಾಲಕರು ಪ್ಯಾರಿಸ್ ನಗರದಲ್ಲಿ ತುಂಬಿಹೋಗಿದ್ದರು. ಅವನು ವಿಮಾನ ಸಂಸ್ಥೆಗಳಿಗೆಲ್ಲ ಅರ್ಜಿ ಬರೆದನು. ಉತ್ತರ ಬರಲಿಲ್ಲ. ಅಗ್ಗದ ಕೋಣೆಯಲ್ಲಿ ವಾಸಿಸುತ್ತ, ಅರೆಹೊಟ್ಟೆ ಉಣ್ಣುತ್ತ, ಲಕೋಟೆಗಳ ಮೇಲೆ ವಿಳಾಸ ಬರೆಯುವಂತಹ ಕೂಲಿಯಿಂದ ದಿನ ನೂಕಿದನು. ಚಲನಚಿತ್ರವೊಂದಕ್ಕಾಗಿ ಆಕಾಶದಲ್ಲಿ ಪಲ್ಟಿ ಹೊಡೆಯುವ ಕೆಲಸವೂ ದೊರೆಯಿತು. ಅದರಲ್ಲಿ ಪ್ರಾಣಾಪಾಯವಿತ್ತು, ಜನರ ಚಪ್ಪಾಳೆಯೂ ಇತ್ತು. ಆದರೆ ಚಿತ್ರೀಕರಣ ಮುಗಿದರೆ ಕೆಲಸವೂ ಮುಗಿಯುವುದು.

ಅಷ್ಟರಲ್ಲಿ ತುಲೂಸ್ ನಗರದ ಲಾತೆಕೊಯೇರ್ ಸಂಸ್ಥೆಯಿಂದ ಕರೆ ಬಂದಿತು. ಆ ಸಂಸ್ಥೆಯು ಫ್ರಾನ್ಸಿನಿಂದ ಸ್ಪೇನಿನ ಮೂಲಕ ಆಫ್ರಿಕಕ್ಕೆ ವಿಮಾನಗಳಲ್ಲಿ ಅಂಚೆಯನ್ನು ಒಯ್ಯುತ್ತಿತ್ತು. 1924ರ ಅಕ್ಟೋಬರಿನಲ್ಲಿ ಮೆರ್ಮೋಜ್ ಉತ್ಸಾಹದಿಂದ ಅಲ್ಲಿಗೆ ಹೋದನು. ಅಲ್ಲಿನ ಮೇಲ್ವಿಚಾರಕ ದಿದಿಯೇ ದೋರಾ ಮಿತಭಾಷಿ, ಶಿಸ್ತಿನ ಮನುಷ್ಯ. ಅವನು ಹೊಸಬನ ಕೈಗೆ ವಿಮಾನವನ್ನು ಕೊಡಲಿಲ್ಲ. ಕಾರ್ಯಾಗಾರಕ್ಕೆ ಕಳುಹಿಸಿ, ಎಂಜಿನ್ನಿನ ಭಾಗಗಳನ್ನು ಬಿಚ್ಚಿ, ಎಣ್ಣೆ ಮಸಿಗಳನ್ನು ತೊಳೆಯುವ ಕೆಲಸಕ್ಕೆ ಹಚ್ಚಿದನು. ತಾನು ಹಾರಿಸುವ ಯಂತ್ರದ ಒಳಹೊರಗನ್ನು ಅರಿಯದವನು ಅಂಚೆಯ ಹೊಣೆಗೆ ಅರ್ಹನಲ್ಲವೆಂಬುದು ಅವನ ನಿಯಮವಾಗಿತ್ತು.

ವಾರಗಳು ಕಳೆದ ಮೇಲೆ ಪರೀಕ್ಷೆಯ ದಿನ ಬಂದಿತು. ಮೆರ್ಮೋಜ್ ತನ್ನ ಚಾತುರ್ಯವನ್ನೆಲ್ಲ ತೋರಿಸಬಯಸಿ ವಿಮಾನವನ್ನು ಕಡಿದಾಗಿ ಮೇಲೇರಿಸಿದನು, ಓರೆಯಾಗಿ ತಿರುಗಿಸಿದನು, ನೋಡಿದವರು ಬೆರಗಾಗುವಂತೆ ಕೆಳಗಿಳಿಸಿದನು. ದೋರಾ ಮೆಚ್ಚಲಿಲ್ಲ. ತನಗೆ ಬೇಕಾದವರು ಅಂಚೆಯ ಚಾಲಕರೇ ಹೊರತು ಸರ್ಕಸ್ಸಿನವರಲ್ಲವೆಂದು ಸ್ಪಷ್ಟವಾಗಿ ತಿಳಿಸಿದನು. ಅಭಿಮಾನಕ್ಕೆ ಪೆಟ್ಟು ಬಿದ್ದ ಮೆರ್ಮೋಜ್ ಹೊರಟುಹೋಗಲು ಸಿದ್ಧನಾದನು. ಆದರೆ ದೋರಾ ಅವನಿಗೆ ಇನ್ನೊಂದು ಅವಕಾಶವನ್ನು ಕೊಟ್ಟನು. ನಿಧಾನವಾಗಿ ಏರಿ, ಅಗಲವಾದ ಸುತ್ತು ಹಾಕಿ, ನೇರವಾಗಿ ಇಳಿಯಬೇಕೆಂದು ಆಜ್ಞಾಪಿಸಿದನು. ಒಂದೆಡೆ ತನ್ನ ಕೌಶಲದ ಹೆಮ್ಮೆ, ಇನ್ನೊಂದೆಡೆ ಯಾರ ಕಣ್ಣಿಗೂ ಬೀಳದ ಶಿಸ್ತಿನ ದುಡಿಮೆ. ಇವೆರಡರಲ್ಲಿ ಒಂದನ್ನು ಆರಿಸಬೇಕಾದ ಗಳಿಗೆ ಅದು. ಮೆರ್ಮೋಜ್ ಮರಳಿ ವಿಮಾನವನ್ನೇರಿ, ಹೇಳಿದಂತೆಯೇ ಹಾರಿಸಿ ಇಳಿಸಿದನು. ಅವನ ಜೀವನದ ದಿಕ್ಕು ಅಂದೇ ನಿಶ್ಚಯವಾಯಿತು.

ಈ ದುಡಿಮೆ ಸುಲಭದ್ದಾಗಿರಲಿಲ್ಲ. ಚಾಲಕನು ಕುಳಿತುಕೊಳ್ಳುವ ಸ್ಥಳಕ್ಕೆ ಮಾಡಿರಲಿಲ್ಲ. ಮಳೆ, ಮಂಜು, ಬಿಸಿಲುಗಳಿಗೆ ಮುಖವೊಡ್ಡಿ ಗಂಟೆಗಟ್ಟಲೆ ಹಾರಬೇಕಾಗಿತ್ತು. ಇದ್ದ ಒಂದೇ ಎಂಜಿನ್ನು ಕೆಟ್ಟರೆ ಸಿಕ್ಕಿದ ಬಯಲಿನಲ್ಲಿ ಇಳಿಯಬೇಕು. 1926ರಲ್ಲಿ ಸಹಾರ ಮರುಭೂಮಿಯ ಮಾರ್ಗದಲ್ಲಿ ಹೀಗೆ ಇಳಿದ ಮೆರ್ಮೋಜ್ ಅಲ್ಲಿನ ಅಲೆಮಾರಿ ಜನರ ಸೆರೆಯಾದನು. ಸಂಸ್ಥೆಯು ಹಣ ತೆತ್ತು ಅವನನ್ನು ಬಿಡಿಸಿತು. ಬಿಡುಗಡೆಯಾದವನು ಮತ್ತೆ ಅದೇ ಮಾರ್ಗದಲ್ಲಿ ಅಂಚೆಯನ್ನು ಒಯ್ದನು.

1927ರಲ್ಲಿ ಅವನು ದಕ್ಷಿಣ ಅಮೆರಿಕದ ಮಾರ್ಗಗಳ ಮುಖ್ಯ ಚಾಲಕನಾಗಿ ನಿಯುಕ್ತನಾದನು. ಹಗಲಿನಲ್ಲಿ ವಿಮಾನವು ಗಳಿಸಿದ ವೇಳೆಯು ರಾತ್ರಿ ನಿಲ್ದಾಣದಲ್ಲಿ ತಂಗುವುದರಿಂದ ನಷ್ಟವಾಗುತ್ತಿತ್ತು. ಇರುಳಿನಲ್ಲಿಯೂ ಓಡುವ ರೈಲೂ ಹಡಗೂ ಮುಂದಾಗುತ್ತಿದ್ದವು. ಇದನ್ನು ಕಂಡ ಮೆರ್ಮೋಜ್ 1928ರಲ್ಲಿ ರಾತ್ರಿಯ ಹಾರಾಟಕ್ಕೆ ತಾನೇ ಮೊದಲಿಗನಾಗಿ ಹೊರಟನು. 1929ರಲ್ಲಿ ಆಂಡಿಸ್ ಪರ್ವತವನ್ನು ದಾಟಲು ದಾರಿ ಹುಡುಕುವಾಗ, ಅವನೂ ಅವನ ಮೆಕ್ಯಾನಿಕ್ ಕೊಲ್ನೋವೂ ಸುಮಾರು 4,000 ಮೀಟರ್ ಎತ್ತರದ ಹಿಮದ ಹಾಸಿನ ಮೇಲೆ ಸಿಕ್ಕಿಬಿದ್ದರು. ಕೊರೆಯುವ ಚಳಿಯಲ್ಲಿ ಮುರಿದ ಭಾಗಗಳನ್ನು ಕೈಗೆ ಸಿಕ್ಕಿದ ವಸ್ತುಗಳಿಂದಲೇ ಸರಿಪಡಿಸಿ, ಪ್ರಪಾತದ ಅಂಚಿನಿಂದ ವಿಮಾನವನ್ನು ಹಾರಿಸಿಕೊಂಡು ಪಾರಾದರು. ತುಲೂಸಿನ ಕಾರ್ಯಾಗಾರದಲ್ಲಿ ಕಲಿತ ಪಾಠವು ಅಲ್ಲಿ ವ್ಯರ್ಥವಾಗಲಿಲ್ಲ.

ಇನ್ನು ಉಳಿದುದು ಅಟ್ಲಾಂಟಿಕ್ ಸಾಗರ. ಆಫ್ರಿಕದಿಂದ ಬ್ರೆಜಿಲಿಗೆ ಅಂಚೆಯನ್ನು ಒಯ್ಯಲು ವೇಗದ ಹಡಗಿಗೂ ನಾಲ್ಕೈದು ದಿನಗಳು ಬೇಕಾಗಿದ್ದವು. ಸಾಗರದ ಮೇಲೆ ಹಾರಲು ನೀರಿನ ಮೇಲಿಳಿಯಬಲ್ಲ ವಿಮಾನವೇ ಬೇಕೆಂದು ಅಧಿಕಾರಿಗಳು ನಿರ್ಧರಿಸಿದರು. ಇಂತಹ ಜಲವಿಮಾನಕ್ಕೆ ಗಾಲಿಗಳ ಸ್ಥಾನದಲ್ಲಿ ಎರಡು ತೇಲುದೋಣಿಗಳಿರುತ್ತವೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಬಳಿ ಹರಡಿರುವ ಭದ್ರಾ ಜಲಾಶಯದಂತಹ ನೀರಿನ ಹರವೇ ಅದಕ್ಕೆ ನಿಲ್ದಾಣ. ಆದರೆ ಈ ಅನುಕೂಲದೊಡನೆ ತೊಡಕೂ ಇದೆ. ತೇಲುದೋಣಿಗಳ ತೂಕವೂ ಗಾಳಿಯಲ್ಲಿ ಅವು ಒಡ್ಡುವ ತಡೆಯೂ ವೇಗವನ್ನು ಕುಗ್ಗಿಸುತ್ತವೆ. ಹೊರೆ ತುಂಬಿದ ವಿಮಾನವು ನಿಶ್ಚಲವಾದ ನೀರಿನಲ್ಲಿ ಓಡುವಾಗ ನೀರು ತೇಲುದೋಣಿಗಳ ತಳವನ್ನು ಅಂಟಿ ಹಿಡಿಯುತ್ತದೆ. ಎದುರುಗಾಳಿಯೂ ಸಣ್ಣ ಅಲೆಗಳೂ ಇದ್ದರೆ ಆ ಹಿಡಿತ ಸುಲಭವಾಗಿ ಸಡಿಲುವುದು. ಅಷ್ಟು ಹೊತ್ತಿಗೆ ಪ್ರಸಿದ್ಧನಾಗಿದ್ದ ಮೆರ್ಮೋಜ್ ಮತ್ತೆ ವಿದ್ಯಾರ್ಥಿಯಾದನು. ಜಲವಿಮಾನದ ಹಾರಾಟವನ್ನು ಮೊದಲಿನಿಂದ ಕಲಿತು ಅದಕ್ಕೆ ಬೇಕಾದ ಪರವಾನಗಿಯನ್ನು ಪಡೆದನು.

1930ರ ಮೇ 12ರಂದು ಮೆರ್ಮೋಜ್, ಪಥದರ್ಶಕ ದಾಬ್ರಿ ಮತ್ತು ನಿಸ್ತಂತು ಚಾಲಕ ಜಿಮಿಯೇ ಈ ಮೂವರು ಸೆನೆಗಲ್ ದೇಶದ ಸೇಂಟ್ ಲೂಯಿಯಿಂದ ಹೊರಟರು. ವಿಮಾನದಲ್ಲಿ ನೂರು ಕಿಲೋಗ್ರಾಮಿಗೂ ಹೆಚ್ಚು ಅಂಚೆಯಿತ್ತು. ಸಮಭಾಜಕ ವೃತ್ತದ ಬಳಿ ಕಾರ್ಮೋಡಗಳು ಅವರನ್ನು ಮುತ್ತಿದವು. ಆಷಾಢದಲ್ಲಿ ಕೆಮ್ಮಣ್ಣುಗುಂಡಿಯ ಬೆಟ್ಟಗಳನ್ನು ಕವಿಯುವ ಮೋಡವನ್ನು ಕಂಡವರು ಆ ಕತ್ತಲೆಯನ್ನು ಕಿಂಚಿತ್ತು ಊಹಿಸಬಹುದು. ಅಲ್ಲಿ ಬೆಟ್ಟವೂ ಇಲ್ಲ, ದೀಪವೂ ಇಲ್ಲ, ಕೆಳಗೆ ಕಡಲೊಂದೇ. ಸುಮಾರು 21 ಗಂಟೆಗಳಲ್ಲಿ 3,100 ಕಿಲೋಮೀಟರಿಗೂ ಹೆಚ್ಚಿನ ದೂರವನ್ನು ಕ್ರಮಿಸಿ ಅವರು ಬ್ರೆಜಿಲಿನ ನತಾಲ್ ನಗರದ ಬಳಿ ನೀರಿಗಿಳಿದರು.

ಹಿಂದಿರುಗುವ ಯಾತ್ರೆ ಅಷ್ಟು ಸುಗಮವಾಗಲಿಲ್ಲ. ಭಾರವಾದ ವಿಮಾನವು ನೀರನ್ನು ಬಿಟ್ಟು ಮೇಲೇಳದೆ ಹಲವು ಪ್ರಯತ್ನಗಳು ವಿಫಲವಾದವು. ಕೊನೆಗೆ ಜುಲೈ ತಿಂಗಳಲ್ಲಿ ಹೊರಟಾಗ ನಡುಗಡಲಿನಲ್ಲಿ ಎಂಜಿನ್ನಿನ ಎಣ್ಣೆ ಸೋರತೊಡಗಿತು. ಸಮೀಪದಲ್ಲಿದ್ದ ಹಡಗೊಂದರ ಬಳಿ ಮೆರ್ಮೋಜ್ ವಿಮಾನವನ್ನು ಅಲೆಗಳ ಮೇಲೆ ಇಳಿಸಿದನು. ಮೂವರೂ ಉಳಿದರು, ಅಂಚೆಚೀಲಗಳೂ ಉಳಿದವು, ವಿಮಾನ ಮುಳುಗಿತು. ಕಡಲಿಗೆ ತೇಲುದೋಣಿಗಳಿಗಿಂತ ಹೆಚ್ಚು ಎಂಜಿನ್ನುಗಳುಳ್ಳ ವಿಮಾನವೇ ಮೇಲೆಂಬುದು ಅವನ ಅಭಿಪ್ರಾಯ. 1933ರ ಜನವರಿಯಲ್ಲಿ ಮೂರು ಎಂಜಿನ್ನುಗಳ ನೆಲವಿಮಾನದಲ್ಲಿ ಅದೇ ಸಾಗರವನ್ನು ಸುಮಾರು 14 ಗಂಟೆ 30 ನಿಮಿಷಗಳಲ್ಲಿ ದಾಟಿ ಅವನು ತನ್ನ ಮಾತನ್ನು ಸಮರ್ಥಿಸಿದನು.

ಇದೇ ಕಾಲದಲ್ಲಿ ನಮ್ಮ ನಾಡಿಗೂ ವಿಮಾನದ ಅಂಚೆ ಬಂದಿತು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು.

1936ರ ಫೆಬ್ರವರಿಯಲ್ಲಿ ಆಂಡಿಸ್ ಪರ್ವತದ ಸಂಗಾತಿ ಕೊಲ್ನೋ ಅಟ್ಲಾಂಟಿಕ್ ಸಾಗರದ ಮೇಲೆ ವಿಮಾನದೊಡನೆ ಕಣ್ಮರೆಯಾದನು. ಮೆರ್ಮೋಜ್ ಆಗ ಉನ್ನತ ಪದವಿಯಲ್ಲಿದ್ದನು. ಕಚೇರಿಯಲ್ಲಿ ಕುಳಿತು ಇತರರನ್ನು ಕಳುಹಿಸುವ ಅಧಿಕಾರ ಅವನಿಗಿತ್ತು. ಆದರೂ ಅವನು ಹಾರಾಟವನ್ನು ಬಿಡಲಿಲ್ಲ. ಅದೇ ವರ್ಷದ ಡಿಸೆಂಬರ್ 7ರ ಮುಂಜಾನೆ, ದಕ್ಷಿಣಾಕಾಶದ ತ್ರಿಶಂಕು ನಕ್ಷತ್ರಪುಂಜದ ಹೆಸರನ್ನು ಹೊತ್ತ ನಾಲ್ಕು ಎಂಜಿನ್ನುಗಳ ಜಲವಿಮಾನದಲ್ಲಿ ಡಕಾರ್ ನಗರದಿಂದ ಹೊರಟನು. ಯಂತ್ರದ ದೋಷವೊಂದು ಕಂಡುದರಿಂದ ಹಿಂದಿರುಗಿ, ಅದನ್ನು ಸರಿಪಡಿಸಿಕೊಂಡು ಮತ್ತೆ ಹಾರಿದನು. ಕೆಲವು ಗಂಟೆಗಳ ಬಳಿಕ, ಬಲಬದಿಯ ಹಿಂದಿನ ಎಂಜಿನ್ನನ್ನು ನಿಲ್ಲಿಸುತ್ತಿರುವುದಾಗಿ ಒಂದು ಚಿಕ್ಕ ನಿಸ್ತಂತು ಸಂದೇಶ ಬಂದಿತು. ಮತ್ತೆ ಯಾವ ಸುದ್ದಿಯೂ ಬರಲಿಲ್ಲ. ವಿಮಾನದ ಕುರುಹಾಗಲಿ, ಅದರಲ್ಲಿದ್ದ ಐವರ ಕುರುಹಾಗಲಿ ದೊರೆಯಲಿಲ್ಲ. ಇನ್ನೆರಡು ದಿನ ಕಳೆದಿದ್ದರೆ ಮೆರ್ಮೋಜನಿಗೆ ಮೂವತ್ತೈದು ವರ್ಷ ತುಂಬುತ್ತಿತ್ತು.

ವೃತ್ತಿಯ ಆರಂಭದಲ್ಲಿ ಮೆರ್ಮೋಜನ ಮುಂದೆ ಎರಡು ದಾರಿಗಳಿದ್ದವು. ಒಂದರಲ್ಲಿ ಅವನ ಹಾರಾಟವನ್ನು ಜನ ನೋಡುತ್ತಿದ್ದರು. ಇನ್ನೊಂದರಲ್ಲಿ ಜನ ಅವನಿಗಾಗಿ ಅಲ್ಲ, ತಮ್ಮ ಪತ್ರಗಳಿಗಾಗಿ ಕಾಯುತ್ತಿದ್ದರು. ಅವನು ಎರಡನೆಯದನ್ನು ಹಿಡಿದನು. ತುಲೂಸಿನಲ್ಲಿ ಎಣ್ಣೆ ಮಸಿಯನ್ನು ತೊಳೆದ ಶ್ರದ್ಧೆಯಿಂದಲೇ ಸಾಗರವನ್ನೂ ದಾಟಿದನು. ಅವನು ಹುಡುಕಿದ ಆಕಾಶಮಾರ್ಗಗಳಲ್ಲಿ ಅವನ ಬಳಿಕವೂ ಅಂಚೆ ನಿಲ್ಲದೆ ಸಾಗಿತು.