ವಚನ ಪಿತಾಮಹ ಫ.ಗು. ಹಳಕಟ್ಟಿಯವರ ಸ್ಮರಣೆ

ಬೊಮ್ಮನಹಳ್ಳಿಯ ನಮ್ಮ ಮನೆಗಳಲ್ಲಿ ಲಿಂಗಪೂಜೆಯ ವೇಳೆ ಪುಸ್ತಕ ತೆರೆದು ಶರಣರ ವಚನಗಳನ್ನು ಓದುತ್ತೇವೆ. ನೂರು ವರ್ಷಗಳ ಹಿಂದೆ ಅವುಗಳಲ್ಲಿ ಬಹುಪಾಲು ಮಠಮನೆಗಳ ತಾಡವೋಲೆಗಳಲ್ಲಿಯೇ ಉಳಿದಿದ್ದವು. ಅವನ್ನು ಅಚ್ಚಿಗೆ ತರಲು ಬಾಳನ್ನು ಸವೆಸಿದವರು ಶರಣ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದ ಅವರು ಮುಂಬಯಿಯಲ್ಲಿ ಕಾನೂನು ಓದಿ, ಬಿಜಾಪುರದಲ್ಲಿ ವಕೀಲಿ ನಡೆಸಿದರು. ಸರಕಾರಿ ವಕೀಲರೂ ಆಗಿದ್ದರು. ಸಮಾಜದ ಮಕ್ಕಳ ವಿದ್ಯೆಗಾಗಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಅವರ ಶ್ರಮದಿಂದ ತಲೆಯೆತ್ತಿದವು.

ಊರೂರು ಅಲೆದು ಕೂಡಿಸಿದ ವಚನಗಳ ಹಸ್ತಪ್ರತಿಯನ್ನು ಮಂಗಳೂರಿನ ಮುದ್ರಣಾಲಯವೊಂದು ಅಚ್ಚು ಹಾಕದೆ ಹಿಂದಿರುಗಿಸಿತು. ಅವರು ಎದೆಗುಂದಲಿಲ್ಲ. 1923ರಲ್ಲಿ ಬೆಳಗಾವಿಯಲ್ಲಿ ವಚನಶಾಸ್ತ್ರಸಾರ ಪ್ರಕಟವಾಯಿತು. ಪ್ರತಿಬಾರಿಯೂ ಪರರ ಬಾಗಿಲು ಕಾಯುವುದೇಕೆಂದು, ಇದ್ದ ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ ಶಿವಾನುಭವ ಪತ್ರಿಕೆ ಹೊರಟಿತು. ಸ್ವಂತ ಸೂರು ಕೊಟ್ಟು ಅಚ್ಚಿನ ಯಂತ್ರ ತಂದ ವಕೀಲರು ಅಂದು ಎಷ್ಟು ಮಂದಿಯಿದ್ದರೋ, ನಾವಂತೂ ಇನ್ನೊಬ್ಬರನ್ನು ಕೇಳಿಲ್ಲ. ಮನೆಯವರು ಪಟ್ಟ ಕಷ್ಟವನ್ನೂ ಇಲ್ಲಿ ನೆನೆಯಬೇಕು.

1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ನಾಡು ಈಗ ವಚನ ಸಂರಕ್ಷಣಾ ದಿನವೆಂದು ಆಚರಿಸುತ್ತಿದೆ.