ಆಲ್‌ಫ್ರೆಡ್ ಮೋಷರ್ ಬಟ್ಸ್

ಆಲ್‌ಫ್ರೆಡ್ ಮೋಷರ್ ಬಟ್ಸ್ (ಏಪ್ರಿಲ್ 13, 1899 – ಏಪ್ರಿಲ್ 4, 1993) ಅಮೆರಿಕದ ವಾಸ್ತುಶಿಲ್ಪಿ. ‘ಸ್ಕ್ರ್ಯಾಬಲ್’ ಪದಕ್ರೀಡೆಯ ಜನಕ. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ ಜನಿಸಿದ ಇವರು 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ಉದ್ಯೋಗ ಕಳೆದುಕೊಂಡರು. ಆ ನಿರುದ್ಯೋಗದ ದಿನಗಳಲ್ಲಿ, ವೃತ್ತಪತ್ರಿಕೆಯ ಪುಟಗಳಲ್ಲಿ ಯಾವ ಇಂಗ್ಲಿಷ್ ಅಕ್ಷರ ಎಷ್ಟು ಬಾರಿ ಬರುತ್ತದೆಂದು ತಾಳ್ಮೆಯಿಂದ ಎಣಿಸಿದರು. ಆಟದ ಬಿಲ್ಲೆಗಳ ಸಂಖ್ಯೆಗೂ ಅಂಕಗಳಿಗೂ ಈ ಎಣಿಕೆಯೇ ಆಧಾರ. ಹೆಚ್ಚು ಬಳಕೆಯ ‘ಇ’ಗೆ 12 ಬಿಲ್ಲೆಗಳು, ತಲಾ 1 ಅಂಕ, ವಿರಳವಾದ ‘ಎಕ್ಸ್’ಗೆ ಒಂದೇ ಬಿಲ್ಲೆ, 8 ಅಂಕ. ಆದ್ದರಿಂದಲೇ ಎತ್ತು ಎಂಬರ್ಥದ ಎರಡಕ್ಷರದ ‘ಆಕ್ಸ್’ ಪದಕ್ಕೆ 9 ಅಂಕ ದೊರೆತರೆ, ಐದಕ್ಷರದ ‘ಟೇಬಲ್’ಗೆ ದೊರೆಯುವುದು 7 ಮಾತ್ರ! ಬಹುವಚನ ಮಾಡಿ ಸುಲಭವಾಗಿ ಅಂಕ ಗಳಿಸಬಾರದೆಂದು ‘ಎಸ್’ಗೆ ನಾಲ್ಕೇ ಬಿಲ್ಲೆಗಳನ್ನಿಟ್ಟರು. ತಯಾರಕರು ಆಟವನ್ನು ತಿರಸ್ಕರಿಸಿದರು. 1948ರಲ್ಲಿ ಜೇಮ್ಸ್ ಬ್ರೂನೋ ಅದಕ್ಕೆ ಈಗಿನ ಹೆಸರಿಟ್ಟು ಮಾರುಕಟ್ಟೆಗೆ ತಂದರು. ಬಟ್ಸ್ ರಾಯಧನ ಪಡೆಯುತ್ತ ವಾಸ್ತುಶಿಲ್ಪ ವೃತ್ತಿಯಲ್ಲೇ ಮುಂದುವರಿದರು.