ಮುಳಬಾಗಿಲಿನ ಸೌಂದರ್ಯ ಮತ್ತು ಅವರ ‘ದ್ವೀಪ’



ನಮ್ಮ ಜಿಲ್ಲೆಯಲ್ಲಿ ಹುಟ್ಟಿ, ಹೆಸರು ಮಾಡಿ, ಈಗ ನಮ್ಮ ನಡುವೆ ಇಲ್ಲದ ಒಬ್ಬರ ಜೀವನದ ಬಗ್ಗೆ ಬರೆದುಕೊಡಿ ಎಂದು ಕನ್ನಡ ಮೇಷ್ಟ್ರು ಹೇಳಿದಾಗ ತರಗತಿಯಲ್ಲಿ ಹೆಸರುಗಳು ಬೇಗ ಹಂಚಿಹೋದವು. ಮಾಸ್ತಿ ವೆಂಕಟೇಶ ಅಯ್ಯಂಗಾರರು ನಮ್ಮ ಮಾಲೂರು ತಾಲ್ಲೂಕಿನವರೇ ಆದ್ದರಿಂದ ಅವರನ್ನು ಮೂವರು ಹಿಡಿದುಕೊಂಡರು. ಮುಳಬಾಗಿಲಿನ ಡಿ.ವಿ.ಜಿ. ಒಬ್ಬರ ಪಾಲಾದರು, ಬೂದಿಕೋಟೆಯ ಹೈದರ್ ಅಲಿ ಇನ್ನೊಬ್ಬರ ಪಾಲಾದರು. ನಾನು ನಟಿ ಸೌಂದರ್ಯ ಅವರ ಹೆಸರು ಹೇಳಿದೆ. ಹಿಂದಿನ ಬೆಂಚಿನಲ್ಲಿ ನಗು ಕೇಳಿಸಿತು. ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಸಿನಿಮಾ ನಟಿಯ ಬಗ್ಗೆ ಬರೆಯಲು ಏನಿದೆ ಎಂದು ಗೆಳತಿಯೊಬ್ಬಳು ಕೇಳಿಯೇಬಿಟ್ಟಳು. ಅವತ್ತು ಅವಳಿಗೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಈ ಲೇಖನವೇ ನನ್ನ ಉತ್ತರ.

ಸೌಂದರ್ಯ ತೀರಿಕೊಂಡಾಗ ನಮ್ಮಲ್ಲಿ ಯಾರೂ ಹುಟ್ಟಿರಲಿಲ್ಲ. ಆದರೂ ಅವರ ಮುಖ ನಮಗೆಲ್ಲ ಗೊತ್ತು. ಅಮಿತಾಭ್ ಬಚ್ಚನ್ ಅವರ ‘ಸೂರ್ಯವಂಶಂ’ (1999) ಟಿ.ವಿ.ಯಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಅದರಲ್ಲಿ ಓದು ಬರದ ಗಂಡನ ಜೊತೆ ನಿಲ್ಲುವ, ತಾನು ಓದಿ ಕಲೆಕ್ಟರ್ ಆಗುವ ಹೆಂಡತಿಯೇ ಸೌಂದರ್ಯ. ನಮ್ಮ ನಾನಿ ಆ ಚಿತ್ರ ಬಂದಾಗಲೆಲ್ಲ, ಈ ಹುಡುಗಿ ನಮ್ಮ ಮುಳಬಾಗಿಲಿನವಳು ಎಂದು ಹೇಳದೆ ಬಿಡುವುದಿಲ್ಲ. ಬಾಬಾ ಹೈದರ್ ವಲಿ ದರ್ಗಾದ ಉರುಸಿಗೆ ಹೋಗಿಬಂದಾಗಲೂ ಈ ಮಾತು ಬರುತ್ತದೆ. ನನಗೆ ಅವರ ಪರಿಚಯವಾದದ್ದು ಹೀಗೆ.

ಅವರ ಮೂಲ ಹೆಸರು ಸೌಮ್ಯ. ತಂದೆ ಸತ್ಯನಾರಾಯಣ ಅವರು ಕನ್ನಡ ಚಿತ್ರರಂಗದಲ್ಲಿ ಲೇಖಕರೂ ನಿರ್ಮಾಪಕರೂ ಆಗಿದ್ದರು. ಸೌಮ್ಯ ವೈದ್ಯಕೀಯ ಕೋರ್ಸಿಗೆ ಸೇರಿದ್ದರು. ಮೊದಲ ವರ್ಷ ಮುಗಿಯುವ ಹೊತ್ತಿಗೆ ಸಿನಿಮಾ ಅವಕಾಶಗಳು ಬಂದವು, ಓದು ಅಲ್ಲಿಗೇ ನಿಂತಿತು. 1992ರಲ್ಲಿ ಕನ್ನಡದ ‘ಬಾ ನನ್ನ ಪ್ರೀತಿಸು’, ‘ಗಂಧರ್ವ’ ಚಿತ್ರಗಳಲ್ಲಿ ಕಾಣಿಸಿಕೊಂಡರು. ಮರುವರ್ಷವೇ ತೆಲುಗು ಚಿತ್ರರಂಗ ಅವರನ್ನು ಕರೆದುಕೊಂಡಿತು. ನಮ್ಮ ಗಡಿ ಜಿಲ್ಲೆಯಲ್ಲಿ ಮನೆಯೊಳಗೊಂದು ಭಾಷೆ, ಬೀದಿಯಲ್ಲೊಂದು ಭಾಷೆ, ಸಂತೆಯಲ್ಲಿ ಇನ್ನೊಂದು ಭಾಷೆ. ಹಾಗಿರುವಾಗ ಮುಳಬಾಗಿಲಿನ ಹುಡುಗಿಯನ್ನು ತೆಲುಗಿನವರು ತಮ್ಮ ಮನೆಮಗಳು ಎಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ‘ಅಮ್ಮೋರು’ (1995), ‘ಪವಿತ್ರ ಬಂಧಂ’ (1996), ‘ಅಂತಃಪುರಂ’ (1998) ಅವರಿಗೆ ದೊಡ್ಡ ಹೆಸರು ತಂದವು. ತಮಿಳಿನಲ್ಲಿ ರಜನಿಕಾಂತ್ ಜೊತೆ ‘ಅರುಣಾಚಲಂ’, ‘ಪಡೆಯಪ್ಪ’ ಮಾಡಿದರು. ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿ ಸೇರಿ 12 ವರ್ಷಗಳಲ್ಲಿ 100ಕ್ಕೂ ಹೆಚ್ಚು ಚಿತ್ರಗಳು ಅವರವು.

ಇಷ್ಟು ಮಾತ್ರ ಆಗಿದ್ದರೆ ಅವರು ಒಬ್ಬ ಯಶಸ್ವಿ ನಟಿ, ಅಷ್ಟೇ. ನಾನು ಈ ಲೇಖನ ಬರೆಯುತ್ತಿರುವುದು ಅವರು 2002ರಲ್ಲಿ ಮಾಡಿದ ಒಂದು ಕೆಲಸಕ್ಕಾಗಿ. ಬೇಡಿಕೆ ತುಂಬ ಇದ್ದ ಕಾಲದಲ್ಲಿ, ಹಾಡು ಕುಣಿತ ಯಾವುದೂ ಇಲ್ಲದ ಒಂದು ಕನ್ನಡ ಚಿತ್ರವನ್ನು ಅವರು ತಾವೇ ನಿರ್ಮಿಸಿದರು. ಅದರ ಹೆಸರು ‘ದ್ವೀಪ’. ನಿರ್ದೇಶಕರು ಗಿರೀಶ್ ಕಾಸರವಳ್ಳಿ. ಕಥೆ ಸಾಗರದ ನಾ. ಡಿಸೋಜ ಅವರ ಕಾದಂಬರಿಯದು. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಜಾಗದಲ್ಲೇ ಕೆಲಸ ಮಾಡಿದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರುಗಳು ಮುಳುಗಿದ್ದನ್ನು ಹತ್ತಿರದಿಂದ ಕಂಡವರು.

ಚಿತ್ರದ ಕಥೆ ಚಿಕ್ಕದು. ಸೀತಾಪರ್ವತ ಎಂಬ ಗುಡ್ಡ. ಅಲ್ಲಿಯ ದೇವರ ಸೇವೆ ಮಾಡಿಕೊಂಡು, ಬರುವ ಭಕ್ತರಿಂದಲೇ ಬದುಕುವ ಮುದುಕ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ಅಣೆಕಟ್ಟಿನ ನೀರು ಏರುತ್ತದೆ. ಬೇರೆಯವರೆಲ್ಲ ಪರಿಹಾರ ತೆಗೆದುಕೊಂಡು ಹೊರಡುತ್ತಾರೆ. ಇವರಿಗೆ ಸಿಗುವ ಹಣ ತೀರ ಕಡಿಮೆ, ಹೊರಗೆ ಹೋದರೆ ಗೊತ್ತಿರುವ ಕೆಲಸವೂ ಇಲ್ಲ. ಕೊನೆಗೆ ಗುಡ್ಡದ ಸುತ್ತ ನೀರು, ಮೇಲೆ ಮಲೆನಾಡಿನ ಮಳೆ, ಕಾಡಿನಲ್ಲಿ ಹುಲಿ. ನೆರವಿಗೆ ಬಂದ ನಾಗಿಯ ಕಡೆಯ ಹುಡುಗ ಕೃಷ್ಣನನ್ನು ಕಂಡರೆ ಗಂಡನಿಗೆ ಅನುಮಾನ. ಅವನೂ ಹೊರಟುಹೋಗುತ್ತಾನೆ. ಆ ಕೆಟ್ಟ ರಾತ್ರಿ ಬೆಂಕಿ ಆರದಂತೆ ನೋಡಿಕೊಂಡು ಮನೆ ಉಳಿಸುವವಳು ನಾಗಿ. ಬೆಳಗಾದಾಗ ಗಣಪ ಎಲ್ಲವನ್ನೂ ದೇವರ ಕೃಪೆ ಎಂದುಬಿಡುತ್ತಾನೆ. ನಾಗಿಯ ದುಡಿಮೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ಆ ಕ್ಷಣದಲ್ಲಿ ಸೌಂದರ್ಯ ಅವರ ಮುಖ ನೋಡಿದರೆ ಸಾಕು, ಬೇರೆ ಮಾತು ಬೇಕಾಗುವುದಿಲ್ಲ.

ಮೊಬೈಲಿನಲ್ಲಿ ಈ ಚಿತ್ರ ನೋಡಿದ ಮೇಲೆ ನಾನು ಓದಿದ, ಕೇಳಿದ ಬೇರೆ ದ್ವೀಪದ ಕಥೆಗಳೆಲ್ಲ ನೆನಪಾದವು. 12ನೇ ಶತಮಾನದಲ್ಲಿ ಆಂದಲೂಸಿಯಾದ ಇಬ್ನ್ ತುಫೈಲ್ ಅರಬ್ಬಿಯಲ್ಲಿ ‘ಹಯ್ ಇಬ್ನ್ ಯಖ್ಜಾನ್’ ಬರೆದರು. ಜಿಂಕೆಯ ಹಾಲು ಕುಡಿದು ದ್ವೀಪದಲ್ಲಿ ಒಬ್ಬನೇ ಬೆಳೆದ ಹುಡುಗ ತನ್ನ ಕಣ್ಣು ಮತ್ತು ಬುದ್ಧಿಯಿಂದಲೇ ಸೃಷ್ಟಿಕರ್ತನನ್ನು ಅರಿಯುವ ಕಥೆ ಅದು. ಅವನು ಹಣ್ಣು ತಿಂದರೆ ಬೀಜ ಹಾಳಾಗದಂತೆ ನೋಡಿಕೊಳ್ಳುತ್ತಾನೆ, ಬೇಕಾದಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. 1516ರಲ್ಲಿ ಥಾಮಸ್ ಮೋರ್ ತನ್ನ ಕಲ್ಪನೆಯ ಆದರ್ಶ ರಾಜ್ಯ ಯುಟೋಪಿಯಾವನ್ನು ದ್ವೀಪವಾಗಿಯೇ ಮಾಡಿದ. ಅಲ್ಲಿ ಖಾಸಗಿ ಆಸ್ತಿ ಇಲ್ಲ. ಆಮೇಲೆ 1719ರಲ್ಲಿ ಡೇನಿಯಲ್ ಡಿಫೋನ ‘ರಾಬಿನ್ಸನ್ ಕ್ರೂಸೊ’ ಬಂತು. ಹಯ್‌ನ ಕಥೆ ಅಷ್ಟರಲ್ಲಿ ಲ್ಯಾಟಿನ್ ಮತ್ತು ಇಂಗ್ಲಿಷಿಗೆ ಅನುವಾದವಾಗಿತ್ತು. ಆದರೆ ಕ್ರೂಸೊ ಹಯ್ ತರಹದವನಲ್ಲ. ಮುರಿದ ಹಡಗಿನಿಂದ ಸಾಮಾನು ತರುತ್ತಾನೆ, ಬೇಲಿ ಹಾಕುತ್ತಾನೆ, ತನ್ನ ಸುಖದುಃಖವನ್ನೂ ಅಂಗಡಿಯ ಜಮಾ ಖರ್ಚಿನಂತೆ ಬರೆದಿಡುತ್ತಾನೆ. ದ್ವೀಪ ತನ್ನದು ಎನ್ನುತ್ತಾನೆ. ಸಿಕ್ಕ ಮನುಷ್ಯನಿಗೆ ಫ್ರೈಡೇ ಎಂದು ಹೆಸರಿಟ್ಟು, ತನ್ನನ್ನು ಯಜಮಾನ ಎಂದು ಕರೆಯಲು ಕಲಿಸುತ್ತಾನೆ. ಒಬ್ಬನೇ ದುಡಿದು ಶ್ರೀಮಂತನಾಗುವವನ ಉದಾಹರಣೆಯಾಗಿ ಅರ್ಥಶಾಸ್ತ್ರದವರು ಅವನನ್ನು ಇಂದಿಗೂ ಬಿಟ್ಟಿಲ್ಲ. 2000ದಲ್ಲಿ ಬಂದ ಟಾಮ್ ಹ್ಯಾಂಕ್ಸ್ ಅವರ ‘ಕಾಸ್ಟ್ ಅವೇ’ ಚಿತ್ರದಲ್ಲಿ ದ್ವೀಪ ಸೇರುವವನು ಕೊರಿಯರ್ ಕಂಪನಿಯ ಅಧಿಕಾರಿ. ನಾಲ್ಕು ವರ್ಷ ಅಲ್ಲಿ ಕಳೆದರೂ ಒಂದು ಪಾರ್ಸೆಲನ್ನು ಒಡೆಯದೆ ಕಾಪಾಡಿ, ಕೊನೆಗೆ ವಿಳಾಸಕ್ಕೆ ತಲುಪಿಸುತ್ತಾನೆ.

ಇವುಗಳಲ್ಲಿ ಹೆಚ್ಚಿನ ಕಥೆಗಳಲ್ಲಿ ದ್ವೀಪ ಮೊದಲೇ ಇರುತ್ತದೆ, ಮನುಷ್ಯ ಆಮೇಲೆ ಹೋಗುತ್ತಾನೆ. ಸೌಂದರ್ಯ ನಿರ್ಮಿಸಿದ ಚಿತ್ರದಲ್ಲಿ ಮನುಷ್ಯರು ಮೊದಲೇ ಇದ್ದಾರೆ, ದ್ವೀಪ ಆಮೇಲೆ ಆಗುತ್ತದೆ. ಅದನ್ನು ದ್ವೀಪ ಮಾಡಿದ್ದು ಸಮುದ್ರವಲ್ಲ, ದೂರದ ಊರಿನ ದೀಪ ಮತ್ತು ಕಾರ್ಖಾನೆಗಳಿಗೆ ಬೇಕಾದ ವಿದ್ಯುತ್ತು. ನಾಗಿಗೆ ಹೊಸ ಜಗತ್ತು ಕಟ್ಟುವ ಆಸೆ ಇಲ್ಲ, ಇರುವ ಮನೆ ಉಳಿದರೆ ಸಾಕು. ಕ್ರೂಸೊ ಮಾಡಿದ ಪ್ರತಿ ಕೆಲಸವೂ ಅವನ ಪುಸ್ತಕದಲ್ಲಿ ಜಮಾ ಆಗುತ್ತದೆ. ನಾಗಿಯ ಕೆಲಸ ಬರೆದಿಡಲು ಪುಸ್ತಕವೇ ಇಲ್ಲ.

ಕೋಲಾರದವರಾದ ನಮಗೆ ನೀರಿನಲ್ಲಿ ಮುಳುಗುವ ಭಯ ಅರ್ಥವಾಗುವುದು ಕಷ್ಟ. ನಮ್ಮಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ನಾವು ಟ್ಯಾಂಕರ್ ನೀರಿಗೆ ಕಾಯುವವರು. ಆದರೆ ವಿದ್ಯುತ್ತಿನ ಕಥೆ ನಮ್ಮದೂ ಹೌದು. 1902ರಲ್ಲಿ ಕಾವೇರಿಯ ನಡುವಿನ ದ್ವೀಪವಾದ ಶಿವನಸಮುದ್ರದಿಂದ ವಿದ್ಯುತ್ತು ಮೊದಲು ಬಂದದ್ದು ನಮ್ಮ ಕೆ.ಜಿ.ಎಫ್. ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಗಣಿಯ ಊರೂ ಒಂದು ದ್ವೀಪದಂತೆಯೇ ಇತ್ತು. ಒಂದು ಕಡೆ ಸಾಹೇಬರ ಬಂಗಲೆ, ಕ್ಲಬ್ಬು. ಇನ್ನೊಂದು ಕಡೆ ಕೂಲಿಗಳ ಸಾಲುಮನೆ. 2001ರಲ್ಲಿ ಗಣಿ ಮುಚ್ಚಿತು, ಸಾಲುಮನೆಯವರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. ಅದರ ಮರುವರ್ಷವೇ ‘ದ್ವೀಪ’ ಬಂತು.

ಇನ್ನೂ ಹತ್ತಿರದ್ದು ಹೇಳುತ್ತೇನೆ. ನಮ್ಮ ನಾನಿಯ ತಮ್ಮನ ಎರಡು ಎಕರೆ ಜಮೀನು ಕಾರ್ಖಾನೆಗೆ ಹೋಯಿತು. ಹಣ ಬಂತು, ಮನೆ ಕಟ್ಟಿಸಿದರು, ಒಬ್ಬ ಮಗನಿಗೆ ಕೆಲಸವೂ ಸಿಕ್ಕಿತು. ಅದನ್ನು ನಾನು ಇಲ್ಲ ಎನ್ನುವುದಿಲ್ಲ. ಆದರೆ ಅವರ ಹೆಂಡತಿ ಆ ಹೊಲದ ಮೇವಿನಲ್ಲಿ ಎರಡು ಹಸು ಸಾಕಿ, ಡೇರಿಗೆ ಹಾಲು ಹಾಕಿ, ಆ ದುಡ್ಡಿನಲ್ಲಿ ಹೆಣ್ಣುಮಕ್ಕಳನ್ನು ಓದಿಸಿದ್ದರು. ಈಗ ಹಸು ಇಲ್ಲ, ಕೈಯಲ್ಲಿ ಸ್ವಂತ ದುಡ್ಡಿಲ್ಲ. ಪರಿಹಾರದ ಕಾಗದದಲ್ಲಿ ಹಸುವಿನ ಮಾತಿಲ್ಲ, ಅವರ ಹೆಸರೂ ಇಲ್ಲ. ‘ದ್ವೀಪ’ ನೋಡುವ ತನಕ ನಾನು ಇದನ್ನು ಒಂದು ನಷ್ಟವೆಂದು ಯೋಚಿಸಿಯೇ ಇರಲಿಲ್ಲ.

‘ದ್ವೀಪ’ಕ್ಕೆ 2002ನೇ ಸಾಲಿನ ಅತ್ಯುತ್ತಮ ಚಲನಚಿತ್ರ ರಾಷ್ಟ್ರಪ್ರಶಸ್ತಿ, ಅಂದರೆ ಸ್ವರ್ಣಕಮಲ ಬಂತು. ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಅವರಿಗೂ ರಾಷ್ಟ್ರಪ್ರಶಸ್ತಿ ಸಿಕ್ಕಿತು. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’ ಚಿತ್ರಗಳ ನಂತರ ಸ್ವರ್ಣಕಮಲ ಪಡೆದ ಆರನೆಯ ಕನ್ನಡ ಚಿತ್ರ ಅದು. ಅತ್ಯುತ್ತಮ ನಟಿ ಎಂಬ ರಾಜ್ಯಪ್ರಶಸ್ತಿಯೂ ಸೌಂದರ್ಯ ಅವರದಾಯಿತು. 2003ರಲ್ಲಿ ಅವರ ಮದುವೆಯಾಯಿತು.

ಮುಂದಿನ ವರ್ಷ ಲೋಕಸಭಾ ಚುನಾವಣೆ. 2004ರ ಏಪ್ರಿಲ್ 17ರಂದು ಪ್ರಚಾರಕ್ಕಾಗಿ ಆಂಧ್ರದ ಕರೀಂನಗರಕ್ಕೆ ಹೋಗಲು ಬೆಂಗಳೂರಿನ ಜಕ್ಕೂರಿನಿಂದ ಸಣ್ಣ ವಿಮಾನ ಹತ್ತಿದರು. ಮೇಲೇರಿದ ಸ್ವಲ್ಪ ಹೊತ್ತಿಗೇ ಅದು ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ಉರಿಯಿತು. ಸೌಂದರ್ಯ, ಅವರ ಅಣ್ಣ ಅಮರನಾಥ್ ಸೇರಿ ನಾಲ್ವರೂ ತೀರಿಕೊಂಡರು. ಅವರು ನಟಿಸಿದ್ದ ‘ಆಪ್ತಮಿತ್ರ’ ಅದೇ ಆಗಸ್ಟ್‌ನಲ್ಲಿ ತೆರೆಗೆ ಬಂತು. ನಾಗವಲ್ಲಿಯನ್ನು ನೋಡಿ ಜನ ಚಪ್ಪಾಳೆ ತಟ್ಟುವಾಗ ಅದನ್ನು ಕೇಳಲು ಅವರು ಇರಲಿಲ್ಲ.

ಗೆಳತಿ, ನೀನು ಕೇಳಿದ ಪ್ರಶ್ನೆಗೆ ಈಗ ಬರುತ್ತೇನೆ. ದುಡಿದ ಹಣವನ್ನು ಸೌಂದರ್ಯ ಇನ್ನೊಂದು ದೊಡ್ಡ ಚಿತ್ರಕ್ಕೆ ಹಾಕಿ ಇನ್ನಷ್ಟು ಗಳಿಸಬಹುದಿತ್ತು. ಅದನ್ನು ಬಿಟ್ಟು, ಯಾರ ಲೆಕ್ಕಕ್ಕೂ ಬಾರದ ಒಬ್ಬ ಹೆಂಗಸಿನ ದುಡಿಮೆಯನ್ನು ದೇಶಕ್ಕೆ ತೋರಿಸಲು ಖರ್ಚು ಮಾಡಿದರು. ಅವರ 100 ಚಿತ್ರಗಳನ್ನೂ ನೋಡು ಎಂದು ನಾನು ಹೇಳುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಇದೊಂದನ್ನು ನೋಡು. ಆಗುವುದಾದರೆ ನಿನ್ನ ಅಮ್ಮಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡು. ನಾನು ನಮ್ಮ ನಾನಿಯ ಜೊತೆ ನೋಡಿದೆ. ಚಿತ್ರ ಮುಗಿದ ಮೇಲೆ ಅವರು ಏನೂ ಮಾತಾಡಲಿಲ್ಲ. ಎದ್ದುಹೋಗಿ ತಮ್ಮನ ಹೆಂಡತಿಗೆ ಫೋನು ಮಾಡಿದರು.